ಪೆಂಗ್ವಿನ್ ಹಕ್ಕಿಯೇ, ಆದರೆ ಹಾರುತ್ತದೆಯೇ? ಕಂಪ್ಯೂಟರಿನ ಜ್ಞಾನವೃಕ್ಷದ ಹಿಂದಿನ ಕಥೆ

ಕ್ಯಾನರಿ ಹಕ್ಕಿ ಹಾಡುತ್ತದೆ: ಸರಿಯೋ ತಪ್ಪೋ? ಕ್ಯಾನರಿಗೆ ಚರ್ಮ ಇದೆ: ಸರಿಯೋ ತಪ್ಪೋ? 1969ರಲ್ಲಿ ಅಮೆರಿಕದ ಸಂಶೋಧಕರಾದ ಅಲನ್ ಕಾಲಿನ್ಸ್ ಮತ್ತು ರಾಸ್ ಕ್ವಿಲಿಯನ್ ಇಂಥ ವಾಕ್ಯಗಳನ್ನು ಜನರಿಗೆ ತೋರಿಸಿದರು. ಗುಂಡಿ ಒತ್ತೋಕೆ ಎಷ್ಟು ಹೊತ್ತು ಬೇಕಾಯಿತು ಅಂತ ಅಳೆದರು. ಹಾಡಿನ ಪ್ರಶ್ನೆಗೆ ಉತ್ತರ ಬೇಗ ಬಂತು. ಚರ್ಮದ ಪ್ರಶ್ನೆಗೆ ಸ್ವಲ್ಪ ತಡವಾಯಿತು.

ಅವರು ಕೊಟ್ಟ ವಿವರಣೆ ಸರಳ. ಹಾಡುವ ಗುಣ ಕ್ಯಾನರಿಯ ಹತ್ತಿರವೇ ಇದೆ. ಚರ್ಮದ ಮಾಹಿತಿ ಬೇಕಾದರೆ ಕ್ಯಾನರಿಯಿಂದ ಹಕ್ಕಿಗೆ, ಹಕ್ಕಿಯಿಂದ ಪ್ರಾಣಿಗೆ, ಹೀಗೆ ಎರಡು ಮೆಟ್ಟಿಲು ಹತ್ತಬೇಕು. ಕ್ವಿಲಿಯನ್ ಇದಕ್ಕೂ ಮೊದಲೇ ಕಂಪ್ಯೂಟರಿನೊಳಗೆ ಪರಿಕಲ್ಪನೆಗಳನ್ನು ಗೆರೆಗಳಿಂದ ಜೋಡಿಸಿ ಇಂಥ ಬಲೆ ಹೆಣೆದಿದ್ದರು. ಸೆಮ್ಯಾಂಟಿಕ್ ನೆಟ್‌ವರ್ಕ್ ಅನ್ನುವುದು ಅದನ್ನೇ. ಹಕ್ಕಿಗೆ ರೆಕ್ಕೆ ಇದೆ ಅಂತ ಒಂದೇ ಕಡೆ ಬರೆದಿಟ್ಟರೆ ಸಾಕು, ಕೆಳಗಿನ ಎಲ್ಲ ಹಕ್ಕಿಗಳಿಗೂ ಅದು ತಾನಾಗಿ ಇಳಿದು ಬರುತ್ತದೆ.

ಮರದ ಹಾಗೆ ಕವಲೊಡೆಯುವ ವಿಂಗಡಣೆ ಹೊಸದೇನಲ್ಲ. ಅರಿಸ್ಟಾಟಲ್‌ನಿಂದ ಲಿನ್ನಿಯಸ್‌ವರೆಗೆ ಎಲ್ಲರೂ ಬಳಸಿದ್ದಾರೆ. ಆದರೆ ಅವರ ಮರವನ್ನು ಓದುತ್ತಿದ್ದವರು ಮನುಷ್ಯರು. ಗೆರೆಗೆ ಏನರ್ಥ ಅಂತ ಸಂದರ್ಭ ನೋಡಿ ತಿಳಿದುಕೊಳ್ಳುತ್ತಿದ್ದರು. ಯಂತ್ರಕ್ಕೆ ಆ ಅನುಕೂಲ ಇಲ್ಲ.

1975ರಲ್ಲಿ ಕಂಪ್ಯೂಟರ್ ಸಂಶೋಧಕ ವಿಲಿಯಂ ವುಡ್ಸ್ ಎತ್ತಿದ್ದು ಇದೇ ಪ್ರಶ್ನೆ: ಗೆರೆ ಎಳೆದಿದ್ದೀರಿ ಸರಿ, ಅದರ ಅರ್ಥ ಏನು? ಆ ಕಾಲದ ಲೇಖನಗಳಲ್ಲೆಲ್ಲ ಕ್ಲೈಡ್ ಎಂಬ ಆನೆ ಬರುತ್ತದೆ. ಕ್ಲೈಡ್ ಒಂದು ಆನೆ. ಆನೆ ಒಂದು ಸಸ್ತನಿ. ಆದ್ದರಿಂದ ಕ್ಲೈಡ್ ಸಸ್ತನಿ. ಸರಿಯಾಗಿಯೇ ಇದೆ. ಈಗ ಇದನ್ನು ನೋಡಿ: ಕ್ಲೈಡ್ ಒಂದು ಆನೆ. ಆನೆ ಒಂದು ಪ್ರಾಣಿಜಾತಿ. ಆದ್ದರಿಂದ ಕ್ಲೈಡ್ ಒಂದು ಪ್ರಾಣಿಜಾತಿ! ಚಿತ್ರದಲ್ಲಿ ಎಲ್ಲವೂ ಒಂದೇ ಥರದ ಗೆರೆ. ಆದರೆ ಒಂದು ಗೆರೆ ಗುಂಪಿನ ಸದಸ್ಯನನ್ನು ತೋರಿಸುತ್ತದೆ, ಇನ್ನೊಂದು ಗುಂಪಿನೊಳಗಿನ ಗುಂಪನ್ನು, ಮತ್ತೊಂದು ಗುಂಪಿನ ಬಗ್ಗೆಯೇ ಏನೋ ಹೇಳುತ್ತದೆ. 1983ರಲ್ಲಿ ಇನ್ನೊಬ್ಬ ಸಂಶೋಧಕ ರೊನಾಲ್ಡ್ ಬ್ರಾಕ್‌ಮನ್ ಈ ‘ಈಸ್-ಎ’ (ಇದು ಒಂದು ಇಂಥದ್ದು ಅನ್ನುವ) ಗೆರೆಯನ್ನು ಎಷ್ಟೊಂದು ಅರ್ಥಗಳಲ್ಲಿ ಬಳಸುತ್ತಿದ್ದಾರೆ ಅಂತ ಒಂದೊಂದಾಗಿ ಬಿಡಿಸಿ ತೋರಿಸಿದರು. ಯಂತ್ರಕ್ಕೆ ಜ್ಞಾನ ಬರೆದುಕೊಡುವ ಈ ಕ್ಷೇತ್ರಕ್ಕೆ ಬೇಕಾಗಿದ್ದದ್ದು ಇಂಥ ತಾಳ್ಮೆಯ ಕೆಲಸವೇ ಅಂತ ನನಗನ್ನಿಸುತ್ತದೆ.

ಇಲ್ಲಿ ನಮ್ಮ ಫೋನಿಗೆ ಪದೇಪದೇ ಬರುವ ಒಂದು ಫಾರ್ವರ್ಡ್ ಬಗ್ಗೆ ಹೇಳಲೇಬೇಕು. ‘ಕಂಪ್ಯೂಟರ್‌ಗೆ ಸಂಸ್ಕೃತವೇ ಅತ್ಯುತ್ತಮ ಅಂತ ನಾಸಾ ಹೇಳಿದೆ’ ಅನ್ನುವ ಮಾತು ಗೊತ್ತಲ್ವಾ? ಅದರ ಬೇರು ನಾಸಾದ ಏಮ್ಸ್ ಕೇಂದ್ರದಲ್ಲಿದ್ದ ರಿಕ್ ಬ್ರಿಗ್ಸ್ 1985ರಲ್ಲಿ ಬರೆದ ಲೇಖನ. ಅದು ನಾಸಾದ ಘೋಷಣೆಯಲ್ಲ, ಒಬ್ಬ ಸಂಶೋಧಕರ ವಾದ. ‘ಮೈತ್ರ ಸ್ನೇಹದಿಂದ ದೇವದತ್ತನಿಗಾಗಿ ಪಾತ್ರೆಯಲ್ಲಿ, ಬೆಂಕಿಯ ಮೇಲೆ ಅನ್ನ ಮಾಡುತ್ತಾನೆ’ ಎಂಬಂಥ ವಾಕ್ಯವನ್ನು ನಮ್ಮ ವೈಯಾಕರಣರು ಯಾರು, ಏನನ್ನು, ಯಾರಿಗಾಗಿ, ಎಲ್ಲಿ ಅಂತ ಕಾರಕಗಳಾಗಿ ಬಿಡಿಸುತ್ತಿದ್ದರು. ಸೆಮ್ಯಾಂಟಿಕ್ ನೆಟ್‌ವರ್ಕಿನ ಗೆರೆಗಳೂ ಅದೇ ಕೆಲಸ ಮಾಡುತ್ತವೆ ಅಂತ ಬ್ರಿಗ್ಸ್ ತೋರಿಸಿದರು. ಮರುವರ್ಷ ಬೆಂಗಳೂರಿನಲ್ಲಿ ಸಂಸ್ಕೃತ ವಿದ್ವಾಂಸರೂ ಕಂಪ್ಯೂಟರ್ ತಜ್ಞರೂ ಒಟ್ಟಿಗೆ ಕೂತು ಇದನ್ನು ಚರ್ಚಿಸಿದರು. ಆ ಒಳ್ಳೆಯ ಚರ್ಚೆ ಮರೆತುಹೋಗಿ ಬರೀ ಫಾರ್ವರ್ಡ್ ಉಳಿದುಕೊಂಡಿರುವುದು ಬೇಸರದ ವಿಷಯ.

ಗೆರೆಯ ಅರ್ಥ ಖಚಿತವಾಗಬೇಕಾದರೆ ತರ್ಕಶಾಸ್ತ್ರ ಬೇಕೇ ಬೇಕು. ಆದರೆ ತರ್ಕಕ್ಕೆ ಹೋದ ಕೂಡಲೇ ಪೆಂಗ್ವಿನ್ ಅಡ್ಡ ಬಂತು. ಹಕ್ಕಿಗಳೆಲ್ಲ ಹಾರುತ್ತವೆ ಅಂತ ಒಮ್ಮೆ ಒಪ್ಪಿಕೊಂಡರೆ ಪೆಂಗ್ವಿನ್ನೂ ಹಾರಲೇಬೇಕು. ಸಾಂಪ್ರದಾಯಿಕ ತರ್ಕದಲ್ಲಿ ಹೊಸ ಮಾಹಿತಿ ಬಂತು ಅಂತ ಹಳೆಯ ತೀರ್ಮಾನವನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ಜಾನ್ ಮೆಕಾರ್ಥಿ, ರೇಮಂಡ್ ರೈಟರ್ ಮುಂತಾದ ಕೃತಕ ಬುದ್ಧಿಮತ್ತೆಯ ಸಂಶೋಧಕರು 1980ರಲ್ಲಿ ಇದಕ್ಕೆ ದಾರಿ ಹುಡುಕಿದರು: ಬೇರೆ ಸುದ್ದಿ ಬರುವ ತನಕ ಹಕ್ಕಿ ಹಾರುತ್ತದೆ ಅಂತಲೇ ಇಟ್ಟುಕೊಳ್ಳೋಣ. ಕೇಳೋಕೆ ಚೆನ್ನಾಗಿದೆ. ಆದರೆ ಕ್ವೇಕರ್ ಎಂಬ ಕ್ರೈಸ್ತ ಪಂಥದವರು ಸಾಮಾನ್ಯವಾಗಿ ಯುದ್ಧವಿರೋಧಿಗಳು, ಅಮೆರಿಕದ ರಿಪಬ್ಲಿಕನ್ ಪಕ್ಷದವರು ಸಾಮಾನ್ಯವಾಗಿ ಅಲ್ಲ, ಅಲ್ಲಿನ ಅಧ್ಯಕ್ಷರಾಗಿದ್ದ ರಿಚರ್ಡ್ ನಿಕ್ಸನ್ ಕ್ವೇಕರ್ ಕೂಡ ಹೌದು, ರಿಪಬ್ಲಿಕನ್ ಕೂಡ ಹೌದು. ಈಗ ಯಂತ್ರ ಏನು ಹೇಳಬೇಕು?

ಇದಕ್ಕಿಂತ ಆಳದ ತೊಡಕನ್ನು 1985ರಲ್ಲಿ ಬ್ರಾಕ್‌ಮನ್ ಒಂದು ಒಗಟಿನಿಂದ ವಿವರಿಸಿದರು. ದೊಡ್ಡದು, ಬೂದು ಬಣ್ಣ, ಸೊಂಡಿಲಿದೆ, ಮರದ ಮೇಲೆ ಇರುತ್ತದೆ. ಏನದು? ಆನೆ. ಮರದ ವಿಷಯ ನಾನು ಸುಳ್ಳು ಹೇಳಿದೆ! ಯಾವ ಗುಣವನ್ನು ಬೇಕಾದರೂ ರದ್ದು ಮಾಡಬಹುದು ಅಂತಾದರೆ ಯಾವುದಕ್ಕೂ ವ್ಯಾಖ್ಯೆ ಉಳಿಯುವುದಿಲ್ಲ. ಬಣ್ಣ, ಸೊಂಡಿಲು, ಗಾತ್ರ ಎಲ್ಲ ರದ್ದು ಮಾಡಿ ಕಲ್ಲನ್ನೂ ಆನೆಯ ಕೆಳಗೆ ಸೇರಿಸಬಹುದು. ತ್ರಿಕೋನಕ್ಕೆ ಮೂರು ಬದಿ ಇರುವುದು ಬೇರೆ, ಹಕ್ಕಿ ಸಾಮಾನ್ಯವಾಗಿ ಹಾರುವುದು ಬೇರೆ. ಎರಡನ್ನೂ ಬೆರೆಸಿದ್ದೇ ತೊಂದರೆಯ ಮೂಲ.

ಬ್ರಾಕ್‌ಮನ್ ಮತ್ತು ಹೆಕ್ಟರ್ ಲೆವೆಕ್ 1984ರಲ್ಲಿ ಇನ್ನೊಂದು ಪೆಟ್ಟು ಕೊಟ್ಟಿದ್ದರು. ಜ್ಞಾನ ಬರೆಯುವ ಭಾಷೆಗೆ ಒಂದು ಸಣ್ಣ ಸೌಲಭ್ಯ ಜಾಸ್ತಿ ಮಾಡಿದರೂ ಸಾಕು, ಇದು ಅದರ ಒಂದು ಬಗೆಯೇ ಅಂತ ಲೆಕ್ಕ ಹಾಕುವುದು ಯಂತ್ರಕ್ಕೆ ವಿಪರೀತ ಕಷ್ಟವಾಗಬಹುದು ಅಂತ ಸಾಬೀತು ಮಾಡಿದರು. ಎಷ್ಟು ಹೇಳಬಹುದು, ಎಷ್ಟು ಬೇಗ ತೀರ್ಮಾನಿಸಬಹುದು ಅನ್ನುವ ಈ ಎಳೆದಾಟದಿಂದಲೇ ಡಿಸ್ಕ್ರಿಪ್ಷನ್ ಲಾಜಿಕ್, ಅಂದರೆ ಪರಿಕಲ್ಪನೆಗಳನ್ನು ಖಚಿತವಾಗಿ ಬಣ್ಣಿಸುವ ತರ್ಕಭಾಷೆಗಳು, ಬೆಳೆಯಿತು. ವೆಬ್‌ನಲ್ಲಿರುವ ಮಾಹಿತಿಯ ಅರ್ಥವನ್ನು ಯಂತ್ರಕ್ಕೆ ತಿಳಿಸೋಕೆ 2004ರಲ್ಲಿ ಬಂದ ಔಲ್ (OWL) ಭಾಷೆಗೆ ಅದೇ ತಳಹದಿ.

ಆಸ್ಪತ್ರೆಯ ದಾಖಲೆಗಳಿಗಾಗಿ ಮಾಡಿದ ಸ್ನೋಮೆಡ್ ಸಿಟಿ ಎಂಬ ಪದಕೋಶಕ್ಕೂ ಇದೇ ಆಧಾರ. ಅದರಲ್ಲಿ ಮೂರು ಲಕ್ಷಕ್ಕೂ ಮೀರಿ ಪರಿಕಲ್ಪನೆಗಳಿವೆ. ಭಾರತದ 2016ರ ಎಲೆಕ್ಟ್ರಾನಿಕ್ ಆರೋಗ್ಯ ದಾಖಲೆ ಮಾನದಂಡವೂ ಅದನ್ನು ಶಿಫಾರಸು ಮಾಡಿದೆ. ಲೆಕ್ಕ ಬೇಗ ಮುಗಿಯಲಿ ಅಂತ ಅದರ ಭಾಷೆಯನ್ನು ಚಿಕ್ಕದಾಗಿಯೇ ಇಟ್ಟಿದ್ದರು. ಬೆರಳು ಕೈಯ ಭಾಗ, ಕೈ ತೋಳಿನ ಭಾಗ ಅನ್ನುವುದನ್ನು ಹಾಗೆಯೇ ಹೇಳೋಕೆ ಅದರಲ್ಲಿ ದಾರಿ ಇರಲಿಲ್ಲ. ಹಾಗಾಗಿ ಭಾಗ ಅನ್ನುವುದನ್ನೂ ಈಸ್-ಎ ಗೆರೆಯಿಂದಲೇ ಸುತ್ತುಬಳಸಿ ಬರೆದರು. ಬೆರಳಿಗೆ ಗಾಯವಾದರೆ ತೋಳಿನಲ್ಲಿ ಗಾಯ ಅನ್ನುವುದು ಅದರಿಂದ ಸರಿಯಾಗಿ ಬಂತು. ಜೊತೆಗೇ ಬೆರಳು ಕತ್ತರಿಸುವುದು ತೋಳು ಕತ್ತರಿಸುವುದರ ಒಂದು ಬಗೆ ಅನ್ನುವುದೂ ಬಂತು!

ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಫ್ರಾಂಜ್ ಬಾಡರ್ ಮತ್ತು ಸಂಗಡಿಗರು ಇಂಥ ತಪ್ಪು ತೀರ್ಮಾನ ಪದಕೋಶದ ಯಾವ ಸಾಲುಗಳಿಂದ ಹುಟ್ಟುತ್ತದೆ ಅಂತ ಯಂತ್ರವೇ ಹುಡುಕಿಕೊಡುವ ವಿಧಾನ ರೂಪಿಸಿದರು. ಲಕ್ಷಗಟ್ಟಲೆ ಸಾಲುಗಳ ನಡುವೆ ಕಾರಣವಾದದ್ದು ಕೆಲವೇ ಕೆಲವು. ಗಾಯದ ಮಟ್ಟಿಗೆ ತೋಳು ಅಂದರೆ ತೋಳು ಅಥವಾ ಅದರ ಯಾವುದಾದರೂ ಭಾಗ ಅಂತಾದರೆ ಸಾಕು. ಕತ್ತರಿಸುವ ಶಸ್ತ್ರಚಿಕಿತ್ಸೆಗೆ ಮಾತ್ರ ‘ಇಡೀ ತೋಳು’ ಅಂತಲೇ ಬರೆಯಬೇಕು.