ಹತ್ತು ಹುಣಸೆ ಬೀಜ, ಒಂದು ಪ್ರಶ್ನೆ

ಕುಡಿತ ಬಿಡಿಸುವ ವಿಭಾಗದಲ್ಲಿ ಮನಶ್ಶಾಸ್ತ್ರಜ್ಞೆಯಾಗಿ ಕೆಲಸ ಮಾಡುತ್ತೇನೆ. ಬರುವ ಮನೆಯವರೆಲ್ಲ ಕೇಳುವುದು ಒಂದೇ ಮಾತು. "ಮೇಡಂ, ಇವ್ರು ಯಾಕೆ ಕುಡೀತಾರೆ ಅಂತ ಕಂಡುಹಿಡಿದು ಹೇಳಿ." ಉತ್ತರವನ್ನೂ ಅವರೇ ತಂದಿರುತ್ತಾರೆ. ಅಮ್ಮ ಬಂದರೆ ಸಹವಾಸ ದೋಷ. ಹೆಂಡತಿ ಬಂದರೆ ಸಾಲದ ಟೆನ್ಷನ್. ಅಪ್ಪ ಬಂದರೆ ಕೊಬ್ಬು. ಯಾರು ಬಂದರೂ ಕಾರಣ ಮಾತ್ರ ಒಂದೇ ಒಂದು. ಆ ಒಂದನ್ನು ಕಿತ್ತು ಹಾಕಿದರೆ ಬಾಟಲಿಯೂ ಹೋಗುತ್ತದೆ ಎಂಬ ನಂಬಿಕೆ. ಈ ನಂಬಿಕೆಯ ಜೊತೆ ದಿನಾ ಗುದ್ದಾಡಿ ನನಗೆ ಸಾಕಾಗಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕುಡಿಯುವ ಕಾರಣಗಳನ್ನು ಅಳೆಯಲು ಒಂದು ಪ್ರಶ್ನಾವಳಿ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿನ್ ಕೂಪರ್ 1994ರಲ್ಲಿ ಪ್ರಕಟಿಸಿದ್ದು. ಸಾಲಿಗೊಂದು ಕಾರಣ; ಒಟ್ಟು 20 ಸಾಲು, ನಾಲ್ಕು ಗುಂಪು, ಗುಂಪಿಗೆ ಐದು ಸಾಲು. ನಶೆ ಏರಿದಾಗ ಸಿಗುವ ಖುಷಿಗೆ ಕುಡಿಯುವುದು ಒಂದು. ನಾಲ್ಕು ಜನ ಸೇರಿದಾಗಿನ ಮೋಜಿಗೆ ಕುಡಿಯುವುದು ಇನ್ನೊಂದು. ಚಿಂತೆ, ಬೇಸರ ಮರೆಯಲು ಕುಡಿಯುವುದು ಮೂರನೆಯದು. ಗುಂಪಿನಿಂದ ಹೊರಗುಳಿಯಬಾರದು ಎಂದು ಕುಡಿಯುವುದು ನಾಲ್ಕನೆಯದು. ಅಮ್ಮಂದಿರು ಹೇಳುವ "ಸಹವಾಸ"ದೊಳಗೆ ಎರಡನೆಯದೂ ನಾಲ್ಕನೆಯದೂ ಕಲಸಿಹೋಗಿರುತ್ತವೆ. ಒಂದೇ ಟೇಬಲ್ಲಿನಲ್ಲಿ ಕೂತ ಇಬ್ಬರಲ್ಲಿ ಒಬ್ಬ ಮಜಕ್ಕೆ ಬಂದಿರಬಹುದು, ಇನ್ನೊಬ್ಬ ಹೆದರಿ ಬಂದಿರಬಹುದು. ಇಬ್ಬರಿಗೂ ಒಂದೇ ಬುದ್ಧಿಮಾತು ಹೇಳಿದರೆ ಹೇಗೆ?

ಈ ಪ್ರಶ್ನಾವಳಿ "ಯಾಕೆ ಕುಡೀತೀಯ?" ಎಂದು ಕೇಳುವುದೇ ಇಲ್ಲ. "ನೀವು ಕುಡಿದ ಸಲಗಳಲ್ಲಿ ಎಷ್ಟು ಸಲ ಈ ಕಾರಣಕ್ಕೆ ಕುಡಿದಿರಿ?" ಎಂದು ಕೇಳುತ್ತದೆ. ಉತ್ತರ 1ರಿಂದ 5ರವರೆಗೆ. 1 ಅಂದರೆ ಹೆಚ್ಚುಕಡಿಮೆ ಯಾವತ್ತೂ ಇಲ್ಲ, 5 ಅಂದರೆ ಹೆಚ್ಚುಕಡಿಮೆ ಯಾವಾಗಲೂ.

ಓದಲು ಬಾರದವರಿಗೆ, ಬಂದರೂ ಗಾಬರಿಯಲ್ಲಿ ಇರುವವರಿಗೆ ನಾನೇ ಓದಿ ಹೇಳುತ್ತೇನೆ. ಡ್ರಾಯರ್‌ನಲ್ಲಿ ಹತ್ತು ಹುಣಸೆ ಬೀಜ ಇಟ್ಟುಕೊಂಡಿದ್ದೇನೆ. "ಇವು ನೀವು ಈಚೆಗೆ ಕುಡಿದ ಹತ್ತು ಸಲ ಅಂದ್ಕೊಳ್ಳಿ. ಇದರಲ್ಲಿ ಎಷ್ಟು ಸಲ ಚಿಂತೆ ಮರೆಯೋಕೆ?" ಅವರು ಅಷ್ಟು ಬೀಜ ಪಕ್ಕಕ್ಕೆ ಸರಿಸುತ್ತಾರೆ. ಆಮೇಲೆ ಐದರಲ್ಲಿ ಯಾವ ಉತ್ತರ ಎಂದು ಅವರೇ ಆರಿಸುತ್ತಾರೆ. ಬೀಜ ಬರೀ ನೆನಪಿಗೆ, ಅಂಕಕ್ಕಲ್ಲ.

ಮುಂದಿನ ಪ್ರಶ್ನೆಗೆ ಮೊದಲು ಹತ್ತೂ ಬೀಜ ವಾಪಸ್ ರಾಶಿಗೆ ಸೇರಬೇಕು. ಇಲ್ಲೇ ಎಲ್ಲರೂ ಎಡವುವುದು. "ಚಿಂತೆಗೆ ಆರು ಕೊಟ್ಟೆ, ಇನ್ನು ನಾಲ್ಕೇ ಉಳೀತಲ್ಲ" ಎನ್ನುತ್ತಾರೆ. ಇಲ್ಲ. ಇದು ಆಸ್ತಿ ಪಾಲು ಅಲ್ಲ. ಶನಿವಾರ ರಾತ್ರಿಯ ಒಂದೇ ಕ್ವಾಟರ್‌ನಲ್ಲಿ ಚಿಂತೆ, ಮೋಜು, ಹೆದರಿಕೆ ಮೂರೂ ಇರಬಹುದು. ಅದೇ ಬೀಜವನ್ನು ಮೂರು ಸಲವೂ ಸರಿಸಬಹುದು. ಹಾಗಾಗಿ ನಾಲ್ಕು ಗುಂಪಿಗೂ ಅದರದರ ಅಂಕ. ತರಬೇತಿಗೆ ಬರುವ ಹುಡುಗರು 20 ಸಾಲನ್ನೂ ಕೂಡಿ "ಟೋಟಲ್ 61 ಮೇಡಂ" ಎಂದು ತಂದುಕೊಡುತ್ತಾರೆ. ಆ ಟೋಟಲ್‌ನಿಂದ ಏನೂ ಗೊತ್ತಾಗುವುದಿಲ್ಲ.

ಒಮ್ಮೆ ಗಾರೆ ಕೆಲಸದವರೊಬ್ಬರು ಬಂದಿದ್ದರು, ವಯಸ್ಸು ನಲವತ್ತರ ಆಸುಪಾಸು. ಜೊತೆಗೆ ಅವರ ಅಕ್ಕ. "ಹೆಂಡ್ತಿ ತವರಿಗೆ ಹೋದ್ಮೇಲೆ ಹಿಂಗಾದ ಮೇಡಂ. ಅವಳು ಬಂದ್ರೆ ಸರಿಹೋಗ್ತಾನೆ." ನಾನು ಏನು ಕೇಳಿದರೂ ಅಕ್ಕನೇ ಉತ್ತರ ಕೊಡುತ್ತಿದ್ದರು, ತಮ್ಮ ನೆಲ ನೋಡುತ್ತಾ ತಲೆ ಆಡಿಸುತ್ತಿದ್ದರು. ಅಕ್ಕನಿಗೆ ಟೀ ಕುಡಿದು ಬನ್ನಿ ಎಂದೆ. ಪಾಪ, ಒಲ್ಲದ ಮನಸ್ಸಿನಿಂದಲೇ ಎದ್ದರು.

ಚಿಂತೆ ಮರೆಯುವ ಸಾಲಿಗೆ ಅವರು ಸರಿಸಿದ್ದು ಎರಡು ಬೀಜ. ಹೊರಗುಳಿಯಬಾರದು ಎಂಬ ಸಾಲು ಓದಿದೆ. ಸಿಮೆಂಟ್ ಕಚ್ಚಿ ಒಡೆದ ಬೆರಳುಗಳು ಹತ್ತನ್ನೂ ಒಟ್ಟಿಗೆ ತಳ್ಳಿದವು. "ಶನಿವಾರ ಬಟವಾಡೆ ಆದ್ಮೇಲೆ ಮೇಸ್ತ್ರಿ ಎಲ್ರನ್ನೂ ಕರ್ಕೊಂಡು ಹೋಗ್ತಾನೆ. ಹೋಗ್ದಿದ್ರೆ ಸೋಮವಾರ ಬೇರೆಯವ್ರನ್ನ ಕರೀತಾನೆ ಮೇಡಂ."

ಅಕ್ಕ ಆರು ತಿಂಗಳಿಂದ ನಾದಿನಿಯ ಊರಿಗೆ ಓಡಾಡುತ್ತಿದ್ದರು. ಅದು ತಪ್ಪೆಂದು ಹೇಳಲಾರೆ. ಆದರೆ ನಾವು ಮೊದಲು ಮಾಡಿದ್ದು ಬೇರೆ ಮೇಸ್ತ್ರಿಯನ್ನು ಹುಡುಕುವ ಕೆಲಸ.

ಒಂದು ಎಚ್ಚರ. ಈ ಅಂಕ ರೋಗನಿರ್ಣಯ ಅಲ್ಲ. ಕುಡಿತ ಎಷ್ಟು ಮುಂದುವರಿದಿದೆ ಎಂದು ನೋಡಲು ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ ‘ಆಡಿಟ್’ ಎಂಬ ಪ್ರಶ್ನಾವಳಿ ಬೇರೆ ಇದೆ. ಇನ್ನು, ಕೂಪರ್ ತಮ್ಮ ಪಟ್ಟಿಯನ್ನು ಪರೀಕ್ಷಿಸಿದ್ದು ಅಮೆರಿಕದ ಹದಿಹರೆಯದವರ ಮೇಲೆ. ನಮ್ಮಲ್ಲಿ ದಿನಾ ಕೇಳುವ "ಮೈಕೈ ನೋವು ಮೇಡಂ, ಒಂದು ಪ್ಯಾಕ್ ಹಾಕಿದ್ರೆ ನಿದ್ದೆ ಬರುತ್ತೆ" ಎಂಬ ಮಾತಿಗೆ ಅದರಲ್ಲಿ ಸಾಲೇ ಇಲ್ಲ. ಅದನ್ನು ಕೊನೆಯಲ್ಲಿ ಬೇರೆಯಾಗಿ ಕೇಳಿ ಬರೆದುಕೊಳ್ಳುತ್ತೇನೆ, ಅಂಕಕ್ಕೆ ಸೇರಿಸುವುದಿಲ್ಲ. "ಬೆಳಗ್ಗೆ ಕೈ ನಡುಗುತ್ತೆ, ಅದಕ್ಕೇ ಕುಡೀತೀನಿ" ಎಂದರೆ ಮಾತ್ರ ಬೀಜ ಡ್ರಾಯರ್‌ಗೆ ಹಾಕಿ ಡಾಕ್ಟರ ಹತ್ತಿರ ಕಳಿಸುತ್ತೇನೆ. ಅಂಥವರನ್ನು ಮನೆಯಲ್ಲಿ ಕೂಡಿಹಾಕಿ ಒಮ್ಮೆಲೇ ಕುಡಿತ ಬಿಡಿಸಲು ಹೋಗಬೇಡಿ. ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ.

ಆ ಗಾರೆಯವರು ಮೂರು ತಿಂಗಳ ಮೇಲೆ ಮತ್ತೆ ಬಂದರು. ಅಕ್ಕ ಈ ಸಲ ತಾವಾಗಿಯೇ ಹೊರಗೆ ಬೆಂಚಿನ ಮೇಲೆ ಕೂತರು. ಕುಡಿತ ಮೊದಲಿಗಿಂತ ಕಡಿಮೆಯಾಗಿತ್ತು. ಹೊರಗುಳಿಯುವ ಭಯಕ್ಕೆ ಒಂದೇ ಬೀಜ. ಚಿಂತೆ ಮರೆಯುವ ಸಾಲಿಗೆ ಏಳು. ಶನಿವಾರದ ಗುಂಪು ತಪ್ಪಿದ ಮೇಲೆ ಸಂಜೆ ಖಾಲಿ ಮನೆ ಎದುರಾಗಿತ್ತು. "ಏಳು ಗಂಟೆ ಆದ್ರೆ ಸಾಕು ಮೇಡಂ" ಅಂದರು. ಅಕ್ಕನನ್ನು ಒಳಗೆ ಕರೆದೆ. ನಾದಿನಿಯ ಊರಿಗೆ ಯಾವ ಬಸ್ಸು, ಎಷ್ಟು ಹೊತ್ತಿನ ದಾರಿ ಎಂದು ಮೂವರೂ ಕೂತು ಮಾತಾಡಿದೆವು.