ಶಾಖ ಅಳೆದು ಎಲೆಕ್ಟ್ರಾನುಗಳನ್ನು ಎಣಿಸುವ ಬಗೆ

ಅತಿವಾಹಕದ ವಿದ್ಯುತ್ ರೋಧ ಸೊನ್ನೆ ಎಂಬುದು ಅದರ ಬಹುಪ್ರಸಿದ್ಧ ಗುಣವಾದರೂ, ಅದರ ಒಳಗುಟ್ಟನ್ನು ತಿಳಿಯಹೊರಟವರಿಗೆ ಆ ಗುಣವೇ ಅಡ್ಡಿ. ಹರಳಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಕೂದಲೆಳೆಯಷ್ಟು ದಾರಿ ಅತಿವಾಹಕವಾಗಿದ್ದರೂ ವಿದ್ಯುತ್ತೆಲ್ಲ ಅದರಲ್ಲೇ ಹರಿದುಹೋಗಿ ಮಾಪಕ ಸೊನ್ನೆಯನ್ನು ತೋರಿಸುತ್ತದೆ. ಉಳಿದ ಭಾಗದ ಎಲೆಕ್ಟ್ರಾನುಗಳು ಏನು ಮಾಡುತ್ತಿವೆ ಎಂಬ ಸುದ್ದಿ ಹೊರಗೆ ಬರುವುದೇ ಇಲ್ಲ. ಉಷ್ಣಧಾರಣ ಸಾಮರ್ಥ್ಯಕ್ಕೆ, ಅಂದರೆ ವಸ್ತುವಿನ ತಾಪವನ್ನು ಒಂದು ಕೆಲ್ವಿನ್ ಏರಿಸಲು ಬೇಕಾಗುವ ಶಾಖದ ಪ್ರಮಾಣಕ್ಕೆ, ಈ ದೋಷವಿಲ್ಲ. ಹರಳಿನ ಯಾವ ಮೂಲೆಯಲ್ಲಿದ್ದರೂ ಶಾಖವನ್ನು ಹೀರಬಲ್ಲ ಎಲೆಕ್ಟ್ರಾನು ತನ್ನ ಪಾಲನ್ನು ಹೀರಿಯೇ ತೀರುವುದರಿಂದ, ಇದು ಒಂದು ಬಗೆಯ ಜನಗಣತಿ.

ಸಾಧಾರಣ ಲೋಹವನ್ನು ನಿರಪೇಕ್ಷ ಸೊನ್ನೆಯ ಸಮೀಪಕ್ಕೆ ತಂಪಾಗಿಸಿದಾಗ ಅದರ ಉಷ್ಣಧಾರಣ ಸಾಮರ್ಥ್ಯದಲ್ಲಿ ಎರಡು ಪಾಲುಗಳು ಕಾಣುತ್ತವೆ. ಪರಮಾಣುಗಳ ಕಂಪನದ ಪಾಲು ತಾಪದ ಘನದಂತೆಯೂ, ಎಲೆಕ್ಟ್ರಾನುಗಳ ಪಾಲು ನೇರವಾಗಿ ತಾಪದಂತೆಯೂ ಇಳಿಯುತ್ತವೆ. ಅತಿವಾಹಕತೆ ಬಂದಾಗ ಎಲೆಕ್ಟ್ರಾನುಗಳು ಜೋಡಿಯಾಗುತ್ತವೆ. ಸೀಸ, ತವರದಂಥ ಹಳೆಯ ಅತಿವಾಹಕಗಳಲ್ಲಿ ಹೀಗೆ ಜೋಡಿಯಾದ ಮೇಲೆ ಈ ಎರಡನೆಯ ಪಾಲು ಹೆಚ್ಚುಕಡಿಮೆ ಅಳಿಸಿಹೋಗುತ್ತದೆ. ಜೋಡಿಯನ್ನು ಒಡೆಯಲು ಒಂದು ಕನಿಷ್ಠ ಶಕ್ತಿ ಬೇಕು, ತಣ್ಣಗಿನ ಹರಳಿನಲ್ಲಿ ಅಷ್ಟು ಶಕ್ತಿ ಸಿಗುವುದಿಲ್ಲ.

1986ರಲ್ಲಿ ಬೆಡ್ನೋರ್ಜ್ ಮತ್ತು ಮ್ಯೂಲರ್ ಜ್ಯೂರಿಕ್ ಬಳಿಯ ಐಬಿಎಂ ಪ್ರಯೋಗಾಲಯದಲ್ಲಿ ಕಂಡುಹಿಡಿದ ತಾಮ್ರದ ಆಕ್ಸೈಡ್ ಬಳಗದ ಅತಿವಾಹಕಗಳ ವರ್ತನೆ ಹೀಗಿಲ್ಲ. ಇದೇ ಬಳಗದ, ಮರುವರ್ಷವೇ ಬೆಳಕಿಗೆ ಬಂದ ಇಟ್ರಿಯಂ-ಬೇರಿಯಂ-ತಾಮ್ರದ ಆಕ್ಸೈಡ್ 90 ಕೆಲ್ವಿನ್‌ಗೂ ಮೇಲೆ ಅತಿವಾಹಕವಾಗುತ್ತದೆ. ಇವುಗಳಲ್ಲಿ ಜೋಡಿಯನ್ನು ಒಡೆಯಲು ಬೇಕಾಗುವ ಶಕ್ತಿ ಎಲೆಕ್ಟ್ರಾನು ಚಲಿಸುವ ದಿಕ್ಕನ್ನು ಅವಲಂಬಿಸಿದ್ದು, ನಾಲ್ಕು ದಿಕ್ಕುಗಳಲ್ಲಿ ಅದು ಸೊನ್ನೆಗಿಳಿಯುತ್ತದೆ. ಆ ದಿಕ್ಕುಗಳ ಆಸುಪಾಸಿನಲ್ಲಿ ಎಷ್ಟು ಕಡಿಮೆ ತಾಪದಲ್ಲೂ ಒಂಟಿ ಎಲೆಕ್ಟ್ರಾನುಗಳು ಉಳಿದುಕೊಳ್ಳುವುದರಿಂದ, ಉಷ್ಣಧಾರಣ ಸಾಮರ್ಥ್ಯಕ್ಕೆ ತಾಪದ ವರ್ಗದಂತೆ ಬದಲಾಗುವ ಒಂದು ಸಣ್ಣ ಪಾಲು ಸೇರುತ್ತದೆ. ಕಂಪನದ ದೊಡ್ಡ ಪಾಲಿನಡಿ ಹುದುಗಿರುವ ಅದನ್ನು ಬೇರ್ಪಡಿಸುವುದು ಬಹಳ ಕಷ್ಟ. ಕಾಂತಕ್ಷೇತ್ರ ನೆರವಿಗೆ ಬರುವುದು ಇಲ್ಲಿ: ಪರಮಾಣುಗಳ ಕಂಪನ ಕ್ಷೇತ್ರಕ್ಕೆ ಸೊಪ್ಪು ಹಾಕುವುದಿಲ್ಲವಾದ್ದರಿಂದ, ಕ್ಷೇತ್ರದೊಂದಿಗೆ ಬದಲಾಗುವುದನ್ನಷ್ಟೇ ಗಮನಿಸಿದರೆ ಕಂಪನದ ಪಾಲು ತಾನಾಗಿ ಕಳೆದುಹೋಗುತ್ತದೆ.

ಕ್ಷೇತ್ರವು ಇಂಥ ಅತಿವಾಹಕದೊಳಕ್ಕೆ ತೆಳುವಾದ ಎಳೆಗಳಾಗಿ ಇಳಿಯುತ್ತದೆ. ಪ್ರತಿ ಎಳೆಯ ಸುತ್ತಲೂ ಎಲೆಕ್ಟ್ರಾನು ಜೋಡಿಗಳು ಸುಳಿಯಾಗಿ ಸುತ್ತುತ್ತವೆ. ಹಳೆಯ ಅತಿವಾಹಕಗಳ ಪೈಕಿ ಸುಳಿಗಳು ಮೂಡುವಂಥವುಗಳಲ್ಲಿ ಒಂಟಿ ಎಲೆಕ್ಟ್ರಾನುಗಳು ಸುಳಿಯ ನಡುವಿನಲ್ಲೇ ಸೆರೆಯಾಗಿರುತ್ತವೆ. ಸುಳಿಗಳು ಇಮ್ಮಡಿಯಾದರೆ ಅವೂ ಇಮ್ಮಡಿ. ಆದರೆ ತಾಮ್ರದ ಆಕ್ಸೈಡುಗಳ ಲೆಕ್ಕವೇ ಬೇರೆ ಎಂದು 1993ರಲ್ಲಿ ಭೌತವಿಜ್ಞಾನಿ ವೊಲೊವಿಕ್ ತೋರಿಸಿದರು. ಸುಳಿಯ ಹೊರಗೆ ಸುತ್ತುವ ಹರಿವು ಅಲ್ಲಿನ ಎಲೆಕ್ಟ್ರಾನುಗಳ ಶಕ್ತಿಯನ್ನು ಸ್ವಲ್ಪ ಸರಿಸುತ್ತದೆ. ನಮ್ಮತ್ತ ಬರುವ ರೈಲಿನ ಶಿಳ್ಳೆಯ ಸ್ವರ ಏರಿ ಕೇಳುವುದಕ್ಕೂ ಇದಕ್ಕೂ ನಂಟಿದೆ. ಶಕ್ತಿಯ ಮಿತಿ ಸೊನ್ನೆಯಾಗಿರುವ ದಿಕ್ಕುಗಳಲ್ಲಿ ಇಷ್ಟು ಸರಿತವೇ ಹೊಸ ಒಂಟಿ ಎಲೆಕ್ಟ್ರಾನುಗಳನ್ನು ಹುಟ್ಟಿಸಲು ಸಾಕು. ಸರಿತದ ಪ್ರಮಾಣ ಸುಳಿಗಳ ನಡುವಿನ ಅಂತರಕ್ಕೆ ವಿಲೋಮವಾಗಿದೆ, ಆ ಅಂತರವೋ ಕ್ಷೇತ್ರದ ವರ್ಗಮೂಲಕ್ಕೆ ವಿಲೋಮ: 1 ಟೆಸ್ಲಾದಲ್ಲಿ (ಟೆಸ್ಲಾ ಎಂದರೆ ಕಾಂತಕ್ಷೇತ್ರದ ಮಾನ) ಸುಮಾರು 45 ನ್ಯಾನೋಮೀಟರ್, 45 ಟೆಸ್ಲಾದಲ್ಲಿ 7 ನ್ಯಾನೋಮೀಟರಿಗೂ ಕಡಿಮೆ. ಹೀಗಾಗಿ ಎಲೆಕ್ಟ್ರಾನುಗಳ ಪಾಲು ಕ್ಷೇತ್ರದ ವರ್ಗಮೂಲದಂತೆ ಏರಬೇಕು. 1994ರಲ್ಲಿ ಮೋಲರ್ ಮತ್ತು ಸಂಗಡಿಗರು ಇಟ್ರಿಯಂ-ಬೇರಿಯಂ-ತಾಮ್ರದ ಆಕ್ಸೈಡ್ ಹರಳಿನಲ್ಲಿ ಕಂಡದ್ದೂ ಇದೇ ವರ್ಗಮೂಲವನ್ನು. ಜೋಡಿಗಳ ಆಕಾರದ ಬಗ್ಗೆ, ಅಂದರೆ ಅವನ್ನು ಒಡೆಯುವ ಶಕ್ತಿ ದಿಕ್ಕಿನೊಂದಿಗೆ ಹೇಗೆ ಬದಲಾಗುತ್ತದೆ ಎಂಬ ಬಗ್ಗೆ, ಆಗ ನಡೆಯುತ್ತಿದ್ದ ವಾದದಲ್ಲಿ, ಹರಳಿನ ಮೇಲ್ಮೈಯನ್ನಷ್ಟೇ ನೋಡದೆ ಇಡೀ ಹರಳನ್ನು ಎಣಿಸಿದ ಸಾಕ್ಷ್ಯ ಎಂಬ ಕಾರಣಕ್ಕೇ ಇದಕ್ಕೆ ಹೆಚ್ಚಿನ ತೂಕವಿತ್ತೆಂದು ನನ್ನ ಅನಿಸಿಕೆ.

ಹೇಳಿದಷ್ಟು ಸುಲಭದ ಅಳತೆ ಇದಲ್ಲ. ಹರಳಿನಲ್ಲಿ ಬೆರೆತ ಕಾಂತೀಯ ಕಲ್ಮಶಗಳೂ ಕ್ಷೇತ್ರಕ್ಕೆ ಸ್ಪಂದಿಸಿ ಶಾಖ ಹೀರುತ್ತವೆ. ಕ್ಷೇತ್ರವನ್ನು 10 ಟೆಸ್ಲಾಕ್ಕೆ ಏರಿಸಿದರೆ ಅಂಥ ಒಂಟಿ ಸ್ಪಿನ್ನಿನ, ಅಂದರೆ ಪುಟ್ಟ ಕಾಂತದಂತೆ ವರ್ತಿಸುವ ಎಲೆಕ್ಟ್ರಾನಿನ, ಎರಡು ಶಕ್ತಿಮಟ್ಟಗಳ ಅಂತರ ಸುಮಾರು 13 ಕೆಲ್ವಿನ್‌ಗೆ ಸಮವಾಗುವುದರಿಂದ, 1 ಕೆಲ್ವಿನ್ ತಾಪದಲ್ಲಿ ಅವು ಕೆಳಮಟ್ಟದಲ್ಲೇ ತೆಪ್ಪಗೆ ಕೂರುತ್ತವೆ. ಆದರೆ ಅವುಗಳ ಕಾಟ ತಪ್ಪಿತೆನ್ನುವಷ್ಟರಲ್ಲಿ ತಾಮ್ರದ ಪರಮಾಣುಬೀಜಗಳ ಪಾಲು ಕ್ಷೇತ್ರದ ವರ್ಗದಂತೆ ಬೆಳೆಯತೊಡಗುತ್ತದೆ. ತಾಪಮಾಪಕದ ರೋಧವೂ ಕ್ಷೇತ್ರದಲ್ಲಿ ಬದಲಾಗುವುದರಿಂದ ಅದನ್ನು ಪ್ರತಿ ಕ್ಷೇತ್ರದಲ್ಲೂ ಹೊಸದಾಗಿ ಪರಿಶೀಲಿಸಿ ಸರಿಹೊಂದಿಸಬೇಕು.

ಇಷ್ಟೆಲ್ಲವನ್ನೂ ನಿಭಾಯಿಸಿ ಅಮೆರಿಕದ ಟಲಹಾಸಿಯಲ್ಲಿರುವ ರಾಷ್ಟ್ರೀಯ ಕಾಂತಕ್ಷೇತ್ರ ಪ್ರಯೋಗಾಲಯದಲ್ಲಿ 45 ಟೆಸ್ಲಾವರೆಗೆ ನಡೆಸಿದ ಅಳತೆ 2011ರಲ್ಲಿ ಪ್ರಕಟವಾಯಿತು. ಅಲ್ಲಿನ ಕಾಂತದ ಹೊರಸುರುಳಿ ಸ್ವತಃ ಅತಿವಾಹಕವೆಂಬುದು ಸ್ವಾರಸ್ಯ. ಒಳಸುರುಳಿ ಮಾತ್ರ ಸಾಧಾರಣ ಲೋಹದ್ದು. ಪರೀಕ್ಷೆಗೊಡ್ಡಿದ್ದು ಆಕ್ಸಿಜನ್ ಕಡಿಮೆಯಿರುವ ಇಟ್ರಿಯಂ ಹರಳು. ಅದರಲ್ಲಿ ಕ್ಷೇತ್ರ ಗರಿಷ್ಠ ಮಟ್ಟ ಮುಟ್ಟುವ ಮೊದಲೇ ಅತಿವಾಹಕತೆ ಅಳಿದು ರೋಧ ಮರಳುತ್ತದೆ. ರೋಧವನ್ನಷ್ಟೇ ನಂಬಿದವರು ಇನ್ನುಳಿದಿರುವುದು ಸಾಧಾರಣ ಲೋಹವೆಂದೇ ಹೇಳುತ್ತಿದ್ದರು. ಆದರೆ ಉಷ್ಣಧಾರಣ ಸಾಮರ್ಥ್ಯದ ವಕ್ರರೇಖೆ ಅಲ್ಲಿ ಮುರಿಯದೆ, ವರ್ಗಮೂಲದ ಜಾಡಿನಲ್ಲೇ 45 ಟೆಸ್ಲಾವರೆಗೂ ಸಾಗಿತು. ಜೋಡಿಗಳ ಗುರುತು ರೋಧ ಮರಳಿದ ಮೇಲೂ ಉಳಿದಿದೆ ಎಂದು ಆ ತಂಡ ವಾದಿಸಿತು. ಉಷ್ಣವಾಹಕತೆಯನ್ನು ಅಳೆದ ಬೇರೊಂದು ಗುಂಪು, ಇಂಥ ಹರಳುಗಳಲ್ಲಿ ಇಪ್ಪತ್ತು ಟೆಸ್ಲಾಗಳ ಆಸುಪಾಸಿನಲ್ಲೇ ಅತಿವಾಹಕತೆ ಮುಗಿಯುತ್ತದೆ ಎಂದಿತು. ಅದೇ ವಕ್ರರೇಖೆಯ ಮೇಲೆ ಕ್ಷೇತ್ರ ಹೆಚ್ಚಿದಂತೆ ಸಣ್ಣ ಅಲೆಗಳೂ ಮೂಡಿದ್ದವು. ಎಲೆಕ್ಟ್ರಾನುಗಳು ಮುಚ್ಚಿದ ಕಕ್ಷೆಗಳಲ್ಲಿ ಸುತ್ತಿದಾಗ ಮೂಡುವ ಈ ಅಲೆಗಳು 2007ರಲ್ಲೇ ರೋಧದ ಅಳತೆಯಲ್ಲಿ ಕಂಡಿದ್ದವು. ಅಪ್ಪಟ ಲೋಹದ ಲಕ್ಷಣವೆಂದು ಎಲ್ಲರೂ ಒಪ್ಪುವ ಆ ಅಲೆ, ಅತಿವಾಹಕದ ಲಕ್ಷಣವಾದ ವರ್ಗಮೂಲದ ಬೆನ್ನೇರಿ, ಒಂದೇ ಹರಳಿನಲ್ಲಿ, ಒಂದೇ ಅಳತೆಯಲ್ಲಿ ಎದುರಾಗಿತ್ತು.