ಚೆಕ್‌ಬಾಕ್ಸ್‌ನ ಸ್ಥಿತಿ: ಯಾವಾಗ ಕೇಳಬೇಕು, ಹೇಗೆ ಕೇಳಬೇಕು?

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಂಡಿಯೊಂದಕ್ಕೆ ಲೆಕ್ಕದ ಸಾಫ್ಟ್‌ವೇರ್ ಬರೆಯುತ್ತಿದ್ದೀರಿ ಅಂದುಕೊಳ್ಳಿ. ರೈತರ ಹೆಸರು, ಎಷ್ಟು ಬಾಕ್ಸ್, ಯಾವ ರೇಟಿಗೆ ಹರಾಜಾಯಿತು, ಇವನ್ನೆಲ್ಲ ಟೈಪ್ ಮಾಡಬೇಕು. ಪಕ್ಕದಲ್ಲೊಂದು ಚಿಕ್ಕ ಚೌಕ: 'ಹಣ ಕೊಟ್ಟಾಗಿದೆ'. ಅದೇ ಚೆಕ್‌ಬಾಕ್ಸ್. ಗುಮಾಸ್ತರು ಕ್ಲಿಕ್ ಮಾಡಿದರೆ ಟಿಕ್ ಬೀಳುತ್ತದೆ, ಮತ್ತೆ ಕ್ಲಿಕ್ ಮಾಡಿದರೆ ಹೋಗುತ್ತದೆ. ಈ ಹೊತ್ತಿಗೆ ಟಿಕ್ ಇದೆಯಾ ಇಲ್ವಾ ಅನ್ನುವುದೇ ಅದರ ಸ್ಥಿತಿ, ಅಂದರೆ ಸ್ಟೇಟ್.

ಅದನ್ನು ಕೋಡ್‌ನಿಂದ ಕೇಳುವುದು ಸುಲಭ. ವಿಂಡೋ, ಬಟನ್ ಕಟ್ಟಿಕೊಡುವ ಟೂಲ್‌ಕಿಟ್‌ಗಳು ಹಲವು: ಜಾವಾ ಸ್ವಿಂಗ್‌ನಲ್ಲಿ 'ಈಸ್‌ಸೆಲೆಕ್ಟೆಡ್', ಕ್ಯೂಟಿಯಲ್ಲಿ 'ಈಸ್‌ಚೆಕ್ಡ್', ವಿಂಡೋಸ್ ಫಾರ್ಮ್ಸ್‌ನಲ್ಲಿ 'ಚೆಕ್ಡ್' ಎಂಬ ಪ್ರಾಪರ್ಟಿ. ಮೂರೂ ಟ್ರೂ ಅಥವಾ ಫಾಲ್ಸ್ ಎಂದು ಉತ್ತರ ಕೊಡುತ್ತವೆ. ಪೈಥಾನ್‌ನ ಟಿಕಿಂಟರ್ ದಾರಿ ಸ್ವಲ್ಪ ಬೇರೆ. ಅಲ್ಲಿ ಚೆಕ್‌ಬಾಕ್ಸಿಗೆ ಒಂದು ಬೂಲಿಯನ್‌ವಾರ್ (ಟ್ರೂ ಅಥವಾ ಫಾಲ್ಸ್ ಇಟ್ಟುಕೊಳ್ಳುವ ವೇರಿಯಬಲ್) ಕಟ್ಟಿರುತ್ತೀರಿ, ಅದರ ಮೇಲೆ 'ಗೆಟ್' ಕರೆದು ಉತ್ತರ ತೆಗೆದುಕೊಳ್ಳುತ್ತೀರಿ.

ಯಾವಾಗ ಕೇಳಬೇಕು ಅನ್ನುವುದರಲ್ಲೇ ಕಲಿಯುವವರು ಜಾಸ್ತಿ ಎಡವುತ್ತಾರೆ. ವಿಂಡೋ ಕಟ್ಟುವಾಗಲೇ, ಮೇನ್‌ಲೂಪ್ (ಕ್ಲಿಕ್‌ಗಳಿಗೆ ಕಾಯುವ ಸುತ್ತು) ಶುರುವಾಗುವ ಮೊದಲೇ 'ಗೆಟ್' ಕರೆದು ಉತ್ತರವನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಳ್ಳುತ್ತಾರೆ. ಆಗಿನ್ನೂ ಯಾರೂ ಮೌಸ್ ಮುಟ್ಟಿಲ್ಲ, ಹಾಗಾಗಿ ಉತ್ತರ ಫಾಲ್ಸ್. ಆಮೇಲೆ ಎಷ್ಟು ಟಿಕ್ ಹಾಕಿದರೂ ಆ ವೇರಿಯಬಲ್ ಬದಲಾಗದು. 'ಸೇವ್' ಬಟನ್ ಒತ್ತಿದಾಗ ಓಡುವ ಫಂಕ್ಷನ್ ಒಳಗೇ ಕೇಳಿ.

ಟಿಕ್ ಬದಲಾದ ಕೂಡಲೇ ಏನಾದರೂ ಆಗಬೇಕಿದ್ದರೆ ಸಿಗ್ನಲ್ ಬೇಕು, ಅಂದರೆ 'ಬದಲಾಯಿತು' ಎಂದು ಚೆಕ್‌ಬಾಕ್ಸೇ ನಮ್ಮ ಫಂಕ್ಷನ್‌ಗೆ ಕೊಡುವ ಸೂಚನೆ. ಕ್ಯೂಟಿಯ 'ಟಾಗಲ್ಡ್' ಸಿಗ್ನಲ್ ಪ್ರೋಗ್ರಾಮೇ ಟಿಕ್ ಬದಲಿಸಿದಾಗಲೂ ಬರುತ್ತದೆ. 'ಕ್ಲಿಕ್ಡ್' ಹಾಗಲ್ಲ, ಕೋಡ್‌ನಿಂದ ಟಿಕ್ ಹಾಕುವ 'ಸೆಟ್‌ಚೆಕ್ಡ್' ಕರೆದರೆ ಅದು ಸುಮ್ನೆ ಇರುತ್ತದೆ. ರೈತರಿಗೆ ಎಸ್‌ಎಂಎಸ್ ಕಳಿಸುವ ಕೆಲಸವನ್ನು ಟಾಗಲ್ಡ್‌ಗೆ ಜೋಡಿಸಿದರೆ, ಹಳೇ ಬಿಲ್ಲನ್ನು ಡೇಟಾಬೇಸಿಂದ ತೆರೆದಾಗೆಲ್ಲ ಮತ್ತೆ ಎಸ್‌ಎಂಎಸ್ ಹೋಗಬಹುದು.

ಇನ್ನು ನಿಜವಾದ ಅಪಾಯಕ್ಕೆ ಬರೋಣ. ಚೆಕ್‌ಬಾಕ್ಸಿಗೆ ಮೂರನೇ ಸ್ಥಿತಿಯೂ ಉಂಟು. ಪಟ್ಟಿಯ ತಲೆಯಲ್ಲಿ 'ಎಲ್ಲರಿಗೂ ಹಣ ಕೊಟ್ಟಾಗಿದೆ' ಎಂಬ ಚೌಕ ಇದೆ. ಹತ್ತು ರೈತರಲ್ಲಿ ಏಳು ಜನಕ್ಕೆ ಕೊಟ್ಟಾಗಿದ್ದರೆ ಅಲ್ಲಿ ಪೂರ್ತಿ ಟಿಕ್ ಹಾಕುವಂತಿಲ್ಲ, ಖಾಲಿ ಬಿಡುವಂತೆಯೂ ಇಲ್ಲ. ಆಗ ಅರ್ಧ ಟಿಕ್ ತೋರಿಸುತ್ತೇವೆ. ಈ ಅರ್ಧ ಟಿಕ್ ಇದ್ದಾಗ 'ಈಸ್‌ಚೆಕ್ಡ್' ಕೇಳಿ ನೋಡಿ: ಕ್ಯೂಟಿ ಟ್ರೂ ಅನ್ನುತ್ತದೆ! ವಿಂಡೋಸ್ ಫಾರ್ಮ್ಸ್‌ನ 'ಚೆಕ್ಡ್' ಕೂಡ ಟ್ರೂ. ಅದನ್ನು ನಂಬಿ ದಿನದ ಲೆಕ್ಕ ಮುಚ್ಚಿದರೆ ಮೂರು ಜನ ರೈತರ ಹಣ ಪುಸ್ತಕದಿಂದಲೇ ಮಾಯ. ಬೆಳೆದವರ ದುಡ್ಡು ಅದು, ಅಲ್ವಾ? ಮೈಕ್ರೋಸಾಫ್ಟ್‌ನ ಇನ್ನೊಂದು ಟೂಲ್‌ಕಿಟ್ ಡಬ್ಲ್ಯೂಪಿಎಫ್ ಮಾತ್ರ ಇಲ್ಲಿ ನಲ್ (ಟ್ರೂ ಅಲ್ಲ, ಫಾಲ್ಸೂ ಅಲ್ಲ) ಕೊಟ್ಟು ಎಚ್ಚರಿಸುತ್ತದೆ, ನನಗೆ ಅದೇ ಸರಿ ಅನ್ನಿಸುತ್ತದೆ.

ಹಾಗಾಗಿ ಮೂರು ಸ್ಥಿತಿ ಇರುವ ಕಡೆ ಕ್ಯೂಟಿಯಲ್ಲಿ 'ಚೆಕ್‌ಸ್ಟೇಟ್' ಕೇಳಿ. ಖಾಲಿ ಇದ್ದರೆ 0, ಅರ್ಧಕ್ಕೆ 1, ಪೂರ್ತಿ ಟಿಕ್‌ಗೆ 2. 1 ಅಂದರೆ ಟಿಕ್ ಇದೆ ಎಂದು ಬರೆದ ಕೋಡ್ ಇಲ್ಲಿ ಕೈಕೊಡುತ್ತದೆ. ಸಂಖ್ಯೆಯ ಬದಲು 'ಚೆಕ್ಡ್' ಎಂಬ ಹೆಸರಿನ ಜೊತೆಗೇ ಹೋಲಿಸಿ. ಇನ್ನೊಂದು ವಿಷಯ, ಟ್ರೈಸ್ಟೇಟ್ (ಮೂರು ಸ್ಥಿತಿಯ ಸೌಲಭ್ಯ) ಆನ್ ಇರುವ ಚೌಕವನ್ನು ಖಾಲಿ ಇದ್ದಾಗ ಒಮ್ಮೆ ಕ್ಲಿಕ್ ಮಾಡಿದರೆ ಮೊದಲು ಬೀಳುವುದು ಅರ್ಧ ಟಿಕ್. ಅದನ್ನು ಗುಮಾಸ್ತರ ಕೈಗೆ ಬಿಡಬೇಡಿ. ಕೆಳಗಿನ ಸಾಲುಗಳನ್ನು ಎಣಿಸಿ, ಮೇಲಿನ ಚೌಕದ ಸ್ಥಿತಿಯನ್ನು ಕೋಡೇ ಹಾಕಲಿ.